6 ಗಂಟೆಯ ದಾರಿ 15 ಗಂಟೆ ಹಿಡಿಯಿತು. ಈ ಚಳಿಗಾಲ ಮತ್ತೆ ಕಾರಲ್ಲಿ ಹೋಗಬೇಕಾ?

ಪ್ರಶ್ನೆ: ಹೋದ ವರ್ಷ ಚಳಿಗಾಲದ ರಜೆಗೆ ನಾದಿನಿಯ ಮನೆಗೆ ಕಾರಲ್ಲಿ ಹೊರಟೆವು. 420 ಕಿ.ಮೀ. ದಾರಿ, ಬೇಸಿಗೆಯಲ್ಲಾದರೆ 6 ಗಂಟೆ. ನಾನು, ನನ್ನ ಯಜಮಾನರು, 8 ಮತ್ತು 3 ವರ್ಷದ ಮಕ್ಕಳು, 71 ವರ್ಷದ ಅತ್ತೆ. ಬೆಳಿಗ್ಗೆ 7ಕ್ಕೆ ಅಂದುಕೊಂಡಿದ್ದು, ಹೊರಟಾಗ 11 ಆಗಿತ್ತು. 2 ಗಂಟೆಗೆ ಹಿಮ ಶುರುವಾಯ್ತು. ಕತ್ತಲಾಗುವ ಹೊತ್ತಿಗೆ ಒಂದು ಸೇತುವೆ ಮೇಲೆ ಕಾರು ಜಾರಿ ಅರ್ಧ ಸುತ್ತು ತಿರುಗಿತು. ಯಾರಿಗೂ ಏನೂ ಆಗಲಿಲ್ಲ. ಬ್ರೇಕ್ ಹಾಕಿದ್ದಕ್ಕೇ ಜಾರಿತು ಅಂತ ನಾನು, ಹಾಕಲೇ ಇಲ್ಲ, ಕ್ರೂಸ್ ಕಂಟ್ರೋಲಲ್ಲಿ ಹೋಗ್ತಿತ್ತು ಅಂತ ಅವರು. ಆಮೇಲೆ ಮುಂದೆ ಲಾರಿಯೊಂದು ಅಡ್ಡ ನಿಂತು 4 ಗಂಟೆ ಅಲ್ಲಾಡಲಿಲ್ಲ. ಪೆಟ್ರೋಲ್ ಕಾಲು ಟ್ಯಾಂಕ್ ಇತ್ತು. ಚಿಕ್ಕವನು ಬಟ್ಟೆ ಒದ್ದೆ ಮಾಡಿಕೊಂಡ. ಅತ್ತೆಯ ಮಾತ್ರೆ ಡಿಕ್ಕಿಯ ಸೂಟ್‌ಕೇಸಿನ ತಳದಲ್ಲಿತ್ತು. ತಲುಪಿದಾಗ ರಾತ್ರಿ 2. ಎರಡು ದಿನ ನಾವಿಬ್ಬರೂ ಮಾತಾಡಲಿಲ್ಲ. ಈ ಸಲವೂ ಎಲ್ಲರೂ ಕಾಯ್ತಿದ್ದಾರೆ. ಫೋರ್ ವೀಲ್ ಡ್ರೈವ್ ಗಾಡಿ ತಗೊಂಡರೆ ತೊಂದರೆ ಇರಲ್ಲ ಅಂತ ಯಜಮಾನರು ಹೇಳ್ತಾರೆ. ನಿಜವಾ? ಸಿಕ್ಕಿಹಾಕಿಕೊಂಡರೆ ರಾತ್ರಿಯಿಡೀ ಇಂಜಿನ್ ಓಡಿಸಿಕೊಂಡು ಕೂರಬಹುದಾ? ಏನೇನು ಜೊತೆಗಿರಬೇಕು? ಅಸಲಿಗೆ ಹೋಗಬೇಕಾ ಬೇಡವಾ?

ಉತ್ತರ: ಹಿಮದ ರಸ್ತೆಯಲ್ಲಿ ಗಾಡಿ ಓಡಿಸುವುದನ್ನು ಕಲಿಸುವುದು ನನ್ನ ಕೆಲಸ. ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ನಿಂತಿದ್ದು ಸೇತುವೆಯ ಮೇಲಲ್ಲ, 7ಕ್ಕೆ ಹೊರಡಬೇಕಾದವರು 11ಕ್ಕೆ ಹೊರಟರು ಅನ್ನೋ ಸಾಲಿನ ಮೇಲೆ. 7ಕ್ಕೆ ಹೊರಟಿದ್ದರೆ, ಮಧ್ಯೆ ಒಂದು ಗಂಟೆ ನಿಂತರೂ, ಹಿಮ ಶುರುವಾದ 2 ಗಂಟೆಗೆ ನೀವು ನಾದಿನಿಯ ಮನೆ ಬಾಗಿಲಲ್ಲಿ ಇರುತ್ತಿದ್ದಿರಿ. ಅದೇ ಕಾರು, ಅದೇ ಟೈರು, ಅದೇ ಡ್ರೈವರ್. ಸೇತುವೆ, ಲಾರಿ, ಒದ್ದೆ ಬಟ್ಟೆ ಯಾವುದೂ ನಿಮ್ಮ ಪಾಲಿಗೆ ಬರುತ್ತಿರಲಿಲ್ಲ.

ತಡವಾಗಿದ್ದಕ್ಕೆ ಬೈಯ್ಯುತ್ತಿಲ್ಲ. ಎರಡು ಮಕ್ಕಳನ್ನು ಹೊರಡಿಸಿಕೊಂಡು 7ಕ್ಕೆ ಗೇಟು ದಾಟಿದ ಮನೆಯನ್ನು ನಾನಂತೂ ನೋಡಿಲ್ಲ. ಆದರೆ 11ಕ್ಕೆ ಹೊರಡುವಾಗ, ಇವತ್ತು ಬೇಡ, ನಾಳೆ ಹೋಗೋಣ ಅನ್ನೋ ಮಾತು ಯಾರ ಬಾಯಿಂದಲೂ ಬರಲಿಲ್ಲ ಅಲ್ವಾ? ಯಾಕೆ ಬರಲಿಲ್ಲ ಅಂದರೆ, ಇವತ್ತೇ ತಲುಪಬೇಕು ಅಂತ ಮೊದಲೇ ಎಲ್ಲರಿಗೂ ಹೇಳಿಯಾಗಿತ್ತು. ಚಳಿಗಾಲದ ದಾರಿಯಲ್ಲಿ ನಾನು ಹೆದರುವುದು ಐಸಿಗಿಂತ ಜಾಸ್ತಿ ಈ ಮಾತಿಗೆ. ಅದರ ವಿಷಯಕ್ಕೆ ಕೊನೆಗೆ ಬರುತ್ತೇನೆ. ಮೊದಲು ಸೇತುವೆ ಜಗಳ ಮುಗಿಸೋಣ.

ರಸ್ತೆಯ ಕೆಳಗೆ ಮಣ್ಣಿದೆ. ಅದು ಬೇಸಿಗೆಯಿಂದ ಹಿಡಿದಿಟ್ಟ ಶಾಖವನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಕೊಡುತ್ತಿರುತ್ತದೆ. ಸೇತುವೆಯ ಕೆಳಗೆ ಮಣ್ಣಿಲ್ಲ, ಗಾಳಿ ಇದೆ. ಮೇಲಿಂದಲೂ ತಣ್ಣಗಾಗುತ್ತದೆ, ಕೆಳಗಿಂದಲೂ ತಣ್ಣಗಾಗುತ್ತದೆ. ಹಾಗಾಗಿ ಉಳಿದ ರಸ್ತೆ ಬರೀ ಒದ್ದೆ ಇರುವಾಗಲೇ ಸೇತುವೆ ಹೆಪ್ಪುಗಟ್ಟಿರುತ್ತದೆ. ಅದಕ್ಕೆ ಸಂಜೆಯ ಹೊತ್ತು ಬೇರೆ. ಹಗಲು ಕರಗಿದ ನೀರು ಮತ್ತೆ ಐಸ್ ಆಗುವ ಹೊತ್ತು ಅದು. ಬ್ಲ್ಯಾಕ್ ಐಸ್ ಅಂತಾರಲ್ಲ, ಅದು ಕಪ್ಪಗೇನೂ ಇರುವುದಿಲ್ಲ. ಗಾಜಿನಷ್ಟು ತೆಳು, ಕೆಳಗಿನ ಡಾಂಬರು ಕಾಣಿಸುತ್ತದೆ, ಅಷ್ಟೇ. ನೋಡಿದವರಿಗೆ ರಸ್ತೆ ಒದ್ದೆಯಾಗಿದೆ ಅನ್ನಿಸುತ್ತದೆ.

ಇದನ್ನು ಪತ್ತೆ ಮಾಡೋಕೆ ಒಂದು ಉಪಾಯ ಇದೆ. ಮುಂದಿನ ಗಾಡಿಯ ಹಿಂಚಕ್ರ ನೋಡಿ. ರಸ್ತೆ ನಿಜವಾಗಿ ಒದ್ದೆಯಿದ್ದರೆ ಚಕ್ರದ ಹಿಂದೆ ನೀರು ಹನಿಹನಿಯಾಗಿ ಹಾರುತ್ತಿರುತ್ತದೆ. ರಸ್ತೆ ಒದ್ದೆ ಥರ ಹೊಳೆಯುತ್ತಿದೆ, ಆದರೆ ಚಕ್ರದ ಹಿಂದೆ ಏನೂ ಹಾರುತ್ತಿಲ್ಲ ಅಂದರೆ ಅದು ನೀರಲ್ಲ. ಇನ್ನೊಂದು ಕಿವಿಯ ಗುರುತು. ಅಲ್ಲಿವರೆಗೆ ಕೇಳಿಸುತ್ತಿದ್ದ ಟೈರಿನ ಸದ್ದು ಥಟ್ಟನೆ ನಿಂತುಹೋಗುತ್ತದೆ, ಸ್ಟೀರಿಂಗ್ ಬೆಣ್ಣೆಯ ಹಾಗೆ ಹಗುರವಾಗುತ್ತದೆ. ಆಹಾ, ಎಷ್ಟು ನುಣುಪಾಗಿ ಹೋಗ್ತಿದೆ ಅನ್ನಿಸಿದರೆ ಗಾಬರಿಯಾಗಬೇಕು. ಡ್ಯಾಶ್‌ಬೋರ್ಡಿನ ತಾಪಮಾನವನ್ನೂ ಪೂರ್ತಿ ನಂಬಬೇಡಿ. ಅದು ಗಾಳಿಯ ಬಿಸಿ, ರಸ್ತೆಯದಲ್ಲ. ಅಲ್ಲಿ ಪ್ಲಸ್ 3 ತೋರಿಸುವಾಗಲೂ ನೆಲ ಸೊನ್ನೆಗಿಂತ ಕೆಳಗಿರಬಹುದು. ಹಾಗಾಗಿ 4 ಡಿಗ್ರಿ ಕಂಡಾಗಿನಿಂದಲೇ ಐಸ್ ಇದೆ ಅಂದುಕೊಂಡು ಓಡಿಸಿ.

ಈಗ ನಿಮ್ಮಿಬ್ಬರ ವಾದ. ನಾನು ಅಲ್ಲಿರಲಿಲ್ಲ, ಆದರೂ ನನ್ನ ಅಂದಾಜು ಹೇಳುತ್ತೇನೆ. ಇಬ್ಬರೂ ಅರ್ಧರ್ಧ ಸರಿ. ಕ್ರೂಸ್ ಕಂಟ್ರೋಲಿಗೆ ಗೊತ್ತಿರುವುದು ಒಂದೇ, ಇಟ್ಟ ವೇಗ ಕಾಯುವುದು. ವೇಗ ಇಳಿಯುತ್ತಿದೆ ಅನ್ನಿಸಿದರೆ ಅದು ತಾನಾಗಿ ಇಂಜಿನ್ನಿಗೆ ಶಕ್ತಿ ಕೊಡುತ್ತದೆ, ಕೆಳಗೆ ಐಸ್ ಇದ್ದರೂ ಸರಿ. ಅದೂ ಅಲ್ಲದೆ ಕಾಲು ಪೆಡಲಿನಿಂದ ದೂರ ಆರಾಮಾಗಿ ಇರುತ್ತದೆ. ಜಾರಿದ್ದು ಗೊತ್ತಾದಾಗ ಕಾಲು ತಂದು ಬ್ರೇಕಿನ ಮೇಲೆ ಇಡುವುದಲ್ಲ, ಒಗೆಯುವುದು. ನೆನಪಿಲ್ಲದೇ ಆಗುವ ಕೆಲಸ ಅದು. ಹಾಕಲೇ ಇಲ್ಲ ಅಂತ ಅವರು ಹೇಳುವುದು ಸುಳ್ಳಲ್ಲ, ಅವರಿಗೆ ನೆನಪಿಲ್ಲದಿರಬಹುದು. ಒದ್ದೆಯೋ ಹಿಮವೋ ಕಂಡರೆ ಕ್ರೂಸ್ ಆಫ್. ಇದರಲ್ಲಿ ಚೌಕಾಸಿ ಇಲ್ಲ.

ಜಾರಿದಾಗ ಏನು ಮಾಡಬೇಕು ಅಂತ ಓದಿ ಕಲಿಯೋಕೆ ಆಗುವುದಿಲ್ಲ, ಆದರೂ ಹೇಳುತ್ತೇನೆ. ಕಾಲು ಎರಡೂ ಪೆಡಲಿಂದ ತೆಗೆಯಿರಿ. ಎಲ್ಲಿಗೆ ಹೋಗಬೇಕೋ ಆ ಕಡೆ ನೋಡಿ, ಗುದ್ದಬಾರದು ಅಂದುಕೊಂಡ ಕಂಬದ ಕಡೆ ಅಲ್ಲ. ಕಣ್ಣು ಹೋದಲ್ಲಿಗೆ ಕೈ ಹೋಗುತ್ತದೆ. ಸ್ಟೀರಿಂಗನ್ನು ಆ ಕಡೆ ಮೆತ್ತಗೆ ತಿರುಗಿಸಿ, ಟೈರು ಮತ್ತೆ ಹಿಡಿದ ಕೂಡಲೇ ನೇರ ಮಾಡಿ. ಎದುರಿಗೆ ಏನೋ ಅಡ್ಡ ಬಂದು ನಿಲ್ಲಿಸಲೇಬೇಕು ಅಂದಾಗ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಲ್ಲಿ ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯಿರಿ. ಪೆಡಲು ಕಾಲಡಿ ಗಡಗಡ ನಡುಗುತ್ತದೆ. ಕೆಟ್ಟುಹೋಯ್ತು ಅಂತ ಹೆದರಿ ಕಾಲೆತ್ತುವವರೇ ಹೆಚ್ಚು. ಅದು ಕೆಲಸ ಮಾಡುತ್ತಿರುವ ಲಕ್ಷಣ. ಮೊದಲ ಹಿಮ ಬಿದ್ದ ದಿನ ಖಾಲಿ ಮೈದಾನವೋ ಪಾರ್ಕಿಂಗ್ ಜಾಗವೋ ಹುಡುಕಿ, ಅಲ್ಲಿಯವರ ಒಪ್ಪಿಗೆ ಕೇಳಿ, 20 ಕಿ.ಮೀ. ವೇಗದಲ್ಲಿ ನಾಲ್ಕೈದು ಸಲ ಗಕ್ಕನೆ ಬ್ರೇಕ್ ಹಾಕಿ ನೋಡಿ. ಆ ಗಡಗಡ ಮೊದಲ ಸಲ ಅಲ್ಲೇ ಆಗಲಿ. ನೀವೂ ಓಡಿಸಿ, ಬರೀ ಅವರಲ್ಲ.

ಪಕ್ಕದ ಸೀಟಿನವರಿಗೆ ಒಂದು ಮಾತು. ಕಾರು ಜಾರುವಾಗ ಬ್ರೇಕ್ ಹಾಕ್ರೀ ಅಂತ ಕೂಗಿದರೆ ಡ್ರೈವರಿನ ಕಾಲು ಆ ಮಾತು ಕೇಳಿಬಿಡುತ್ತದೆ. ನನ್ನ ಮನೆಯವರಿಗೂ ಇದನ್ನು ಕಲಿಸೋಕೆ ವರ್ಷಗಳೇ ಹಿಡಿದವು.

ಫೋರ್ ವೀಲ್ ಡ್ರೈವ್ ಬಗ್ಗೆ. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಶಕ್ತಿ ಹೋಗುವುದರಿಂದ ಹಿಮದಲ್ಲಿ ನಿಂತ ಗಾಡಿ ಸಲೀಸಾಗಿ ಹೊರಡುತ್ತದೆ, ದಿಬ್ಬ ಹತ್ತುತ್ತದೆ. ಅದು ನಿಜವಾದ ಅನುಕೂಲ. ಆದರೆ ನಿಲ್ಲುವ ವಿಷಯ ಬಂದಾಗ? ಬ್ರೇಕು ಎಲ್ಲ ಕಾರಿಗೂ ನಾಲ್ಕೂ ಚಕ್ರಕ್ಕೇ ಇರುತ್ತದೆ. ನಿಲ್ಲೋಕೆ ಬೇಕಾಗಿರುವುದು ಟೈರಿನ ಹಿಡಿತ, ಅದನ್ನು ಡ್ರೈವ್ ಕೊಡುವುದಿಲ್ಲ. ದೊಡ್ಡ ಗಾಡಿಗೆ ತೂಕವೂ ಜಾಸ್ತಿ. ಸಲೀಸಾಗಿ ಹೊರಟಿದ್ದರಿಂದ ಡ್ರೈವರಿಗೆ ರಸ್ತೆ ಚೆನ್ನಾಗಿದೆ ಅನ್ನೋ ಭ್ರಮೆ ಬರುತ್ತದೆ. ನಾನು ಹಗ್ಗ ಕಟ್ಟಿ ಚರಂಡಿಯಿಂದ ಎಳೆದ ಗಾಡಿಗಳಲ್ಲಿ ಇಂಥವು ಏನೂ ಕಮ್ಮಿ ಇರಲಿಲ್ಲ.

ಸ್ವಲ್ಪ ಲೆಕ್ಕ ನೋಡಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದ ಮೇಲೆ ಕಾರು ನಿಲ್ಲೋಕೆ ಒಣ ರಸ್ತೆಯಲ್ಲಿ ಸುಮಾರು 14 ಮೀಟರ್ ಬೇಕು. ಗಾಡಿಗಳು ತುಳಿದು ಗಟ್ಟಿಯಾದ ಹಿಮದ ಮೇಲೆ 50 ಮೀಟರ್ ಹತ್ತಿರ. ಐಸ್ ಮೇಲೆ 100 ಮೀಟರ್. ಸೊನ್ನೆಯ ಆಸುಪಾಸಿನಲ್ಲಿ ಐಸ್ ಮೇಲೆ ನೀರಿನ ಪದರ ಇದ್ದರೆ ಇನ್ನೂ ಹೆಚ್ಚು. ಅಂದರೆ ಮೈನಸ್ 20ರ ಗಡಗಡ ಚಳಿಗಿಂತ ಮೈನಸ್ 1ರ ಐಸ್ ಹೆಚ್ಚು ಜಾರುತ್ತದೆ. ಜನ ಇದನ್ನು ತಿರುಗಾಮುರುಗಾ ತಿಳಿದುಕೊಂಡಿರುತ್ತಾರೆ. ಒಳ್ಳೆಯ ಸುದ್ದಿ ಅಂದರೆ ವೇಗ ಅರ್ಧ ಮಾಡಿದರೆ ಈ ದೂರ ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. 25ರಲ್ಲಿ ಹೋದರೆ ಅದೇ ಐಸಿನ ಮೇಲೆ 25 ಮೀಟರ್. ಇಷ್ಟು ಅಗ್ಗದ ಸುರಕ್ಷತೆ ಬೇರೆ ಇಲ್ಲ. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಅದನ್ನು ಮುಟ್ಟೋಕೆ 8ರಿಂದ 10 ಸೆಕೆಂಡ್ ಆಗಬೇಕು. ಆ ಸಂದಿಗೆ ಯಾರಾದರೂ ನುಗ್ಗುತ್ತಾರೆ. ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ.

ಗಾಡಿ ಬದಲಿಸುವ ದುಡ್ಡು ಇದ್ದರೆ ಅದರಲ್ಲಿ ಒಂದು ಚಿಕ್ಕ ಪಾಲನ್ನು ಟೈರಿಗೆ ಹಾಕಿ. ಮಾಮೂಲಿ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಚಳಿಗಾಲದ ಟೈರು ಚಳಿಯಲ್ಲೂ ಮೆತ್ತಗಿರುವ ರಬ್ಬರಿನದು, ಅದರ ಮೈತುಂಬ ಸಣ್ಣ ಸೀಳುಗಳಿರುತ್ತವೆ. ಟೈರಿನ ಬದಿಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು, ಈ ಗುರುತಿದೆಯಾ ನೋಡಿ. ಬರೀ ಎಂ ಪ್ಲಸ್ ಎಸ್ (ಕೆಸರು ಮತ್ತು ಹಿಮ) ಅಂತ ಬರೆದಿದ್ದರೆ ಸಾಲದು, ಅದಕ್ಕೆ ಹಿಮದ ಪರೀಕ್ಷೆ ಮಾಡಿರಬೇಕು ಅಂತೇನಿಲ್ಲ. ನಾಲ್ಕಕ್ಕೂ ಹಾಕಿಸಿ. ಮುಂದಿನ ಎರಡಕ್ಕೆ ಮಾತ್ರ ಹಾಕಿದರೆ ಮುಂಭಾಗ ನಿಲ್ಲುತ್ತದೆ, ಹಿಂಭಾಗ ನಿಲ್ಲುವುದಿಲ್ಲ, ಕಾರು ಬುಗುರಿ ಆಗುತ್ತದೆ. ಟೈರಿನ ಕಚ್ಚಿನ ಆಳ 4 ಮಿ.ಮೀ.ಗಿಂತ ಕಮ್ಮಿ ಉಳಿದಿದ್ದರೆ ಹಿಮಕ್ಕೆ ಅದು ಬೇಡ. ಉಷ್ಣಾಂಶ 5-6 ಡಿಗ್ರಿ ಇಳಿದ ಹಾಗೆಲ್ಲ ಟೈರಿನ ಗಾಳಿ ಸುಮಾರು 1 ಪಿಎಸ್ಐ ಕಮ್ಮಿಯಾಗುತ್ತದೆ, ಹೊರಡುವ ದಿನ ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಅಳೆಯಿರಿ.

ಬ್ಯಾಟರಿಯದೂ ಇದೇ ಕಥೆ. ಕೊರೆಯುವ ಚಳಿಯಲ್ಲಿ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ, ಆದರೆ ಇಂಜಿನ್ ಆಯಿಲ್ ಗಟ್ಟಿಯಾಗಿರುವುದರಿಂದ ಸ್ಟಾರ್ಟ್ ಮಾಡೋಕೆ ಬೇಕಾದ ಶಕ್ತಿ ಮಾತ್ರ ಹೆಚ್ಚಾಗುತ್ತದೆ. ನಾಲ್ಕೈದು ವರ್ಷ ಹಳೆಯದಾಗಿದ್ದರೆ ಹೊರಡುವ ಮೊದಲು ಪರೀಕ್ಷೆ ಮಾಡಿಸಿ. ಕೂಲಂಟ್, ಅಂದರೆ ಇಂಜಿನ್ ತಂಪು ಮಾಡುವ ದ್ರವ, ಹೆಪ್ಪುಗಟ್ಟದೆ ಎಷ್ಟು ಡಿಗ್ರಿವರೆಗೆ ತಡೆಯುತ್ತದೆ ಅಂತಲೂ ಅಲ್ಲೇ ಕೇಳಿ.

ಗಾಜು ತೊಳೆಯುವ ನೀರಿನ ಬಗ್ಗೆ ಮಾತ್ರ ಒಂದು ಕಥೆ ಹೇಳಲೇಬೇಕು, ನನ್ನದೇ ದಡ್ಡತನದ್ದು. ಶುರುವಿನ ವರ್ಷಗಳಲ್ಲಿ ಒಂದು ಸಲ ಸುಮ್ನೆ ನಲ್ಲಿ ನೀರು ತುಂಬಿಸಿಕೊಂಡು ಹೊರಟಿದ್ದೆ. ಐಸ್ ಕರಗಲಿ ಅಂತ ರಸ್ತೆಗೆ ಹಾಕಿದ್ದ ಉಪ್ಪಿನ ಕೆಸರನ್ನು ಮುಂದಿನ ಲಾರಿ ಎರಚಿತು. ಗಾಜಿನ ಮೇಲೆ ನೀರು ಹೊಡೆದೆ, ವೈಪರ್ ಒಂದು ಸಲ ಆಡಿತು. ಎರಡನೇ ಸಲ ಆಡುವಷ್ಟರಲ್ಲಿ ಗಾಜು ಪೂರ್ತಿ ಬೆಳ್ಳಗಾಗಿತ್ತು. 80ರ ವೇಗದಲ್ಲಿ ಎದುರಿಗೆ ಹಾಲಿನ ಗೋಡೆ. ಪಕ್ಕದ ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, ಅಂಚಿನ ಗೆರೆ ನೋಡಿಕೊಂಡು ಬದಿಗೆ ತಂದೆ. ಕಿವಿ ಅರ್ಧ ಗಂಟೆ ಮರಗಟ್ಟಿತ್ತು. ಹೆಪ್ಪುಗಟ್ಟದ ದ್ರವವೇ ಹಾಕಬೇಕು, ಮೈನಸ್ 20ಕ್ಕೂ ತಡೆಯುವಂಥದ್ದು, ಇನ್ನೊಂದು ಡಬ್ಬ ಹೆಚ್ಚಿಗೆ ಇರಲಿ. ದಿನಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ನೋಡಿದರೆ ಆಶ್ಚರ್ಯಪಡುತ್ತೀರಿ.

ಹೊರಡುವ ಮುಂಚೆ ಹಿಮ ತೆಗೆಯುವಾಗ ಮುಂದಿನ ಗಾಜಲ್ಲಿ ಕಿಂಡಿ ಕೊರೆದು ಇಷ್ಟು ಸಾಕು ಅನ್ನಬೇಡಿ. ಎಲ್ಲ ಗಾಜು, ದೀಪ, ಕಾರಿನ ನೆತ್ತಿ. ನೆತ್ತಿಯ ಮೇಲಿನ ಹಿಮ ಒಳಗಿನ ಬಿಸಿಗೆ ಸಡಿಲವಾಗಿ, ಮೊದಲ ಬ್ರೇಕಿಗೆ ಇಡಿಯಾಗಿ ಮುಂದಿನ ಗಾಜಿಗೆ ಜಾರುತ್ತದೆ. ಒಳಗೆ ಐದು ಜನ ಉಸಿರಾಡಿ ಗಾಜು ಮಂಜಾದರೆ ಹೀಟರಿನ ಜೊತೆ ಎಸಿಯನ್ನೂ ಹಾಕಿ. ಚಳಿಯಲ್ಲಿ ಎಸಿನಾ ಅಂತ ನಗಬೇಡಿ, ಅದು ಗಾಳಿಯ ತೇವ ಹೀರುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಮಾತ್ರ ಆಫ್ ಇರಲಿ.

ಮಕ್ಕಳ ವಿಷಯದಲ್ಲಿ ಒಳ್ಳೆಯ ಅಪ್ಪ ಅಮ್ಮಂದಿರೇ ಮಾಡುವ ತಪ್ಪೊಂದಿದೆ. ದಪ್ಪ ಜಾಕೆಟ್ ಹಾಕಿಸಿ ಅದರ ಮೇಲೆ ಸೀಟ್ ಬೆಲ್ಟ್ ಬಿಗಿಯುವುದು. ಜಾಕೆಟ್ಟಿನೊಳಗೆ ಇರುವುದು ಗಾಳಿ. ಗುದ್ದಿದ ಕ್ಷಣಕ್ಕೆ ಅದು ಚಪ್ಪಟೆಯಾಗುತ್ತದೆ, ಬೆಲ್ಟು ಸಡಿಲವಾಗಿ ಮಗು ಜಾರಿಕೊಳ್ಳುತ್ತದೆ. ಮನೆಯಲ್ಲೇ ಪರೀಕ್ಷಿಸಿ: ಜಾಕೆಟ್ ಹಾಕಿಸಿ ಚಿಕ್ಕವನನ್ನು ಅವನ ಸೀಟಲ್ಲಿ ಬಿಗಿಯಿರಿ. ಪಟ್ಟಿ ಹಾಗೇ ಬಿಟ್ಟು ಅವನನ್ನು ಇಳಿಸಿ, ಜಾಕೆಟ್ ತೆಗೆದು ಮತ್ತೆ ಕೂರಿಸಿ ಹಾಕಿ. ಪಟ್ಟಿ ಎಷ್ಟು ಜೋಲುತ್ತದೆ ಅಂತ ನೋಡಿದರೆ ಹೆಚ್ಚು ಹೇಳಬೇಕಾಗಿಲ್ಲ. ತೆಳು ಉಣ್ಣೆ ಬಟ್ಟೆ, ಬಿಗಿದ ಪಟ್ಟಿ, ಅದರ ಮೇಲೆ ಹೊದಿಕೆ. ಅತ್ತೆಯವರಿಗೂ ಅಷ್ಟೇ, ಕೋಟಿನ ಗುಂಡಿ ಬಿಚ್ಚಿ ಬೆಲ್ಟು ಒಳಗಿಂದ, ಸೊಂಟದ ಮೂಳೆಯ ಮೇಲೆ ಬರಬೇಕು.

ಇನ್ನು ಆ 4 ಗಂಟೆ. ನಿಮ್ಮ ಪ್ರಶ್ನೆಗಳಲ್ಲಿ ನಾನು ಬಹಳ ಗಂಭೀರವಾಗಿ ತಗೊಂಡಿದ್ದು ಇಂಜಿನ್ನಿನದು. ರಾತ್ರಿಯಿಡೀ ಓಡಿಸಿಕೊಂಡು ಕೂರಬಾರದು. ಚಳಿಯಲ್ಲಿ ಸಿಕ್ಕಿಹಾಕಿಕೊಂಡವರು ಚಳಿಯಿಂದಲೇ ಸಾಯುತ್ತಾರೆ ಅಂತಿಲ್ಲ. ಹಿಮ ಬೀಳುತ್ತಾ ಸೈಲೆನ್ಸರಿನ ಬಾಯಿ ಮುಚ್ಚಿಹೋಗುತ್ತದೆ. ಹೊಗೆ ಹೊರಹೋಗಲು ದಾರಿಯಿಲ್ಲದೆ ಕಾರಿನ ಅಡಿಯಲ್ಲಿ ಸೇರಿಕೊಂಡು ಒಳಗೆ ನುಸುಳುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆಸುತ್ತು, ನಿದ್ದೆ. ಲಕ್ಷಣ ನೋಡಿ, ದೂರ ಪ್ರಯಾಣದಲ್ಲಿ ಮಕ್ಕಳಿಗೆ ಆಗುವುದೂ ಇದೇ ತಾನೇ? ಕಾರಲ್ಲಿ ಕೂತು ವಾಂತಿ ಬರ್ತಿದೆ, ಸುಸ್ತಾಗಿ ಮಲಗಿದೆ ಅಂದುಕೊಂಡು ಸುಮ್ಮನಾಗುತ್ತೇವೆ. ಅದೇ ಇದರ ಅಪಾಯ. ನಿಂತ ಕಾರಲ್ಲಿ ಇಬ್ಬರಿಗೆ ಒಟ್ಟಿಗೆ ತಲೆನೋವು ಬಂತು ಅಂದರೆ ಇಂಜಿನ್ ಆಫ್ ಮಾಡಿ, ಬಾಗಿಲು ತೆರೆದು, ಎಲ್ಲರನ್ನೂ ಹೊರಗಿನ ಗಾಳಿಗೆ ತನ್ನಿ, ಸಹಾಯಕ್ಕೆ ಕರೆ ಮಾಡಿ. ಚಳಿ ಆಮೇಲೆ.

ಸರಿಯಾದ ಕ್ರಮ ಹೀಗೆ. ಗಂಟೆಗೆ ಒಂದು ಸಲ ಒಬ್ಬರು ಇಳಿದು ಸೈಲೆನ್ಸರಿನ ಸುತ್ತ ಹಿಮ ಕೆರೆದು ತೆಗೆಯುವುದು. ಆಮೇಲೆ 10 ನಿಮಿಷ ಇಂಜಿನ್, ಹೀಟರ್ ಜೋರು, ಗಾಳಿ ಬೀಸದ ಕಡೆಯ ಕಿಟಕಿ ಒಂದು ಬೆರಳು ತೆರೆದಿರಬೇಕು. ಆಮೇಲೆ ಆಫ್. ಪ್ರತಿ ಸಲವೂ ಮೊದಲು ಕೆರೆಯಬೇಕು, ಒಂದು ಗಂಟೆಯಲ್ಲಿ ಮತ್ತೆ ಮುಚ್ಚಿರುತ್ತದೆ. ನಿಂತಲ್ಲೇ ಓಡುವ ಸಾಮಾನ್ಯ ಪೆಟ್ರೋಲ್ ಕಾರು ಗಂಟೆಗೆ ಹೆಚ್ಚುಕಮ್ಮಿ 1 ಲೀಟರ್ ಕುಡಿಯುತ್ತದೆ. ಹೀಗೆ 10 ನಿಮಿಷದ ಲೆಕ್ಕದಲ್ಲಿ ಓಡಿಸಿದರೆ ಅರ್ಧ ಟ್ಯಾಂಕ್ ಇದ್ದವರು ರಾತ್ರಿಯಲ್ಲ, ದಿನಗಟ್ಟಲೆ ಕಳೆಯಬಹುದು. ಅದಕ್ಕೇ ಚಳಿಗಾಲದಲ್ಲಿ ಅರ್ಧಕ್ಕೆ ಬಂದರೆ ಖಾಲಿ ಅಂದುಕೊಂಡು ತುಂಬಿಸಿ. ಬ್ಯಾಟರಿ ಕಾರಾದರೆ ಹೊಗೆಯ ಭಯ ಇಲ್ಲ, ಆದರೆ ಚಳಿಯಲ್ಲಿ ಅದು ಓಡುವ ದೂರ ಕಾಲು ಭಾಗದಷ್ಟೋ ಅದಕ್ಕಿಂತ ಹೆಚ್ಚೋ ಕಮ್ಮಿಯಾಗುತ್ತದೆ. ಅಲ್ಲೂ ಅರ್ಧದ ನಿಯಮವೇ.

ಕಾರು ಬಿಟ್ಟು ನಡೆಯಬೇಡಿ. ದೂರದಲ್ಲಿ ದೀಪ ಕಾಣುತ್ತಿದೆ, ಹೋಗಿ ಕೇಳಿಕೊಂಡು ಬರ್ತೀನಿ ಅಂತ ಗಂಡಸರು ಹೊರಡುತ್ತಾರೆ. ಬೀಸುವ ಹಿಮದಲ್ಲಿ 100 ಮೀಟರ್ ದಾಟಿದ ಮೇಲೆ ತಿರುಗಿ ನೋಡಿದರೆ ನಿಮ್ಮ ಕಾರೂ ಕಾಣುವುದಿಲ್ಲ, ಹೆಜ್ಜೆಯೂ ಉಳಿದಿರುವುದಿಲ್ಲ. ಕನ್ನಡಿಗೆ ಕೆಂಪು ಬಟ್ಟೆ ಕಟ್ಟಿ ಒಳಗೇ ಇರಿ. ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಸಿಗುತ್ತದೆ.

ಜೊತೆಗೆ ಏನಿರಬೇಕು ಅನ್ನುವುದಕ್ಕಿಂತ ಎಲ್ಲಿರಬೇಕು ಅನ್ನುವುದು ಮುಖ್ಯ. ಡಿಕ್ಕಿ ಹೆಪ್ಪುಗಟ್ಟಿ ತೆರೆಯದೇ ಹೋಗಬಹುದು, ತೆರೆದರೂ ಒಳಗಿನ ಬಿಸಿಯೆಲ್ಲ ಹೊರಗೆ. ಹಾಗಾಗಿ ಹೊದಿಕೆ, ನೀರು, ಒಣ ತಿಂಡಿ, ಟಾರ್ಚು, ಚಿಕ್ಕವನ ಎರಡು ಜೊತೆ ಬಟ್ಟೆ, ಎಲ್ಲರ ಮಾತ್ರೆ ಕಾಲ ಬುಡದಲ್ಲೇ ಇರಲಿ. ಮಾತ್ರೆ ಎರಡು ದಿನಕ್ಕೆ ಹೆಚ್ಚಾಗಿಯೇ ಇರಲಿ. ಇನ್ಸುಲಿನ್ ತಗೊಳ್ಳುವವರಿದ್ದರೆ ಅದನ್ನು ಅಂಗಿಯ ಒಳಜೇಬಲ್ಲಿ ಇಡಿ, ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿದರೂ ಅದು ಉಪಯೋಗಕ್ಕಿಲ್ಲ. ಫೋನೂ ಪವರ್ ಬ್ಯಾಂಕೂ ಮೈಗೆ ಅಂಟಿಕೊಂಡೇ ಇರಲಿ, ಚಳಿಗೆ ಅವುಗಳ ಬ್ಯಾಟರಿ ಥಟ್ಟನೆ ಕೈಕೊಡುತ್ತದೆ. ಬಾಯಿ ಅಗಲದ, ಮುಚ್ಚಳ ಗಟ್ಟಿಯಿರುವ ಒಂದು ಡಬ್ಬ ಮರೆಯಬೇಡಿ. ಯಾತಕ್ಕೆ ಅಂತ ನಿಮಗೇ ಗೊತ್ತು. ಸಲಿಕೆಯೊಂದನ್ನು ಮಾತ್ರ ಡಿಕ್ಕಿಗೆ ಹಾಕುವವರಿದ್ದಾರೆ, ಅದೂ ಒಳಗೇ ಇರಲಿ, ಡಿಕ್ಕಿ ಬಿಡಿಸೋಕೆ ಬೇಕಾಗುವುದೇ ಅದು. ಡಿಕ್ಕಿಗೆ ಸೂಟ್‌ಕೇಸು, ಜಾರುವ ಚಕ್ರದಡಿ ಹಾಕೋಕೆ ಒಂದು ಚೀಲ ಮರಳು, ಹಿಮದಲ್ಲಿ ಹಿಡಿತಕ್ಕೆ ಟೈರಿಗೆ ಸುತ್ತುವ ಚೈನು. ಚೈನು ಹಾಕುವುದನ್ನು ಮನೆಯ ಮುಂದೆ ಕೈಗವಸು ಹಾಕಿಕೊಂಡೇ ಎರಡು ಸಲ ಅಭ್ಯಾಸ ಮಾಡಿ. ಇಂಜಿನ್ ಶಕ್ತಿ ಹೋಗುವ ಚಕ್ರಕ್ಕೆ ಹಾಕಬೇಕು, ಹಾಕಿದ ಮೇಲೆ ಸಾಮಾನ್ಯವಾಗಿ 50 ದಾಟುವ ಹಾಗಿಲ್ಲ. ಹೊಸ ಪೆಟ್ಟಿಗೆಯನ್ನು ಮೊದಲ ಸಲ ಕತ್ತಲ ದಿಬ್ಬದಲ್ಲಿ ಬಿಚ್ಚಿದವರ ಮುಖ ನಾನು ನೋಡಿದ್ದೇನೆ.

ಈಗ ಹೋಗಬೇಕಾ ಬೇಡವಾ. ಹೋಗಿ. ಆದರೆ ನಾದಿನಿಗೆ ದಿನ ಹೇಳಬೇಡಿ. ಎರಡು ದಿನದ ಅವಕಾಶ ಹೇಳಿ: ಶುಕ್ರವಾರ ಇಲ್ಲವೇ ಶನಿವಾರ ಬರ್ತೀವಿ, ಹೊರಟ ಮೇಲೆ ಒಂದು ಮೆಸೇಜು, ನಿಂತಾಗ ಒಂದು ಮೆಸೇಜು, ಮಧ್ಯೆ ನೀವು ಫೋನ್ ಮಾಡಬೇಡಿ. ಎಲ್ಲಿದ್ದೀರಿ, ಇನ್ನೂ ಎಷ್ಟು ಹೊತ್ತು ಅಂತ ಗಂಟೆಗೊಮ್ಮೆ ಬರುವ ಫೋನು ಆಕ್ಸಿಲರೇಟರಿನ ಮೇಲೆ ಇನ್ನೊಂದು ಕಾಲಿಟ್ಟ ಹಾಗೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೂ ಅಷ್ಟೇ.

ಹಿಂದಿನ ರಾತ್ರಿ, ಮಕ್ಕಳು ಮಲಗಿದ ಮೇಲೆ, ಇಬ್ಬರೂ ಕೂತು ಮೂರು ವಿಷಯ ಒಂದು ಚೀಟಿಯಲ್ಲಿ ಬರೆಯಿರಿ. ಎಷ್ಟು ಗಂಟೆ ದಾಟಿದರೆ ಇವತ್ತು ಹೊರಡುವುದಿಲ್ಲ. 420 ಕಿ.ಮೀ.ಗೆ ಚಳಿಗಾಲದಲ್ಲಿ 9 ಗಂಟೆ ಹಿಡಿಯಿರಿ, ಕತ್ತಲಾಗುವ ಸಮಯದಿಂದ ಹಿಂದಕ್ಕೆ ಎಣಿಸಿ. 9 ಗಂಟೆ ಹಗಲೇ ಸಿಗದ ಜಾಗವಾದರೆ ಮಧ್ಯೆ ಒಂದು ರಾತ್ರಿ ತಂಗುವುದು ಅಂತಲೇ ಇಟ್ಟುಕೊಳ್ಳಿ. ಎರಡನೆಯದು, ಎಲ್ಲಿವರೆಗೆ ಬಂದರೆ ವಾಪಸ್ ತಿರುಗಬಹುದು. ಮೂರನೆಯದು, ಅದರಾಚೆ ತಂಗಲು ಜಾಗ ಎಲ್ಲೆಲ್ಲಿದೆ, ಅವರ ಫೋನ್ ನಂಬರ್ ಏನು. ಬರೆದಿಡಿ ಅಂತ ಯಾಕೆ ಹೇಳ್ತೀನಿ ಅಂದರೆ, 300 ಕಿ.ಮೀ. ಬಂದ ಮೇಲೆ ಮನುಷ್ಯನ ತಲೆ ಲೆಕ್ಕ ಹಾಕುವುದಿಲ್ಲ, ಇನ್ನು ಸ್ವಲ್ಪವೇ ಅಲ್ವಾ ಅನ್ನುತ್ತದೆ. ಚೀಟಿಗೆ ಆ ಆಸೆ ಇರುವುದಿಲ್ಲ. ಇನ್ನೊಂದು ಒಪ್ಪಂದ: ಮುಂದಿನ ಸೀಟಿನ ಇಬ್ಬರಲ್ಲಿ ಯಾರು ನಿಲ್ಲಿಸೋಣ ಅಂದರೂ ನಿಲ್ಲಿಸುವುದು. ಯಾಕೆ ಅಂತ ವಾದ ತಂಗಿದ ಮೇಲೆ.

ಹವಾಮಾನ ನೋಡುವಾಗ ಹೊರಡುವ ಊರು, ತಲುಪುವ ಊರು ಎರಡೇ ನೋಡಿ ಬಿಡಬೇಡಿ. ಮಧ್ಯದ ಎತ್ತರದ ಜಾಗ ನೋಡಿ. ಎಷ್ಟು ಹಿಮ ಬೀಳುತ್ತದೆ ಅನ್ನುವುದಕ್ಕಿಂತ ಉಷ್ಣಾಂಶ ಸೊನ್ನೆಯನ್ನು ಯಾವಾಗ ದಾಟುತ್ತದೆ ಅಂತ ನೋಡಿ. ಹೆಪ್ಪುಗಟ್ಟುವ ಮಳೆ ಅಂತ ಮುನ್ಸೂಚನೆ ಇದ್ದರೆ ಕೀಲಿಕೈ ಮುಟ್ಟಬೇಡಿ. ಅದು ನೀರಾಗಿಯೇ ಬೀಳುತ್ತದೆ, ನೆಲ ಮುಟ್ಟಿದ ಕೂಡಲೇ ಐಸ್ ಆಗುತ್ತದೆ, ಅದಕ್ಕೆ ಯಾವ ಟೈರೂ ಇಲ್ಲ. ರಸ್ತೆಗೆ ಉಪ್ಪು ಹಾಕಿದ್ದಾರೆ ಅಂತಲೂ ಧೈರ್ಯ ಬೇಡ, ಮೈನಸ್ 10ರ ಕೆಳಗೆ ಮಾಮೂಲಿ ಉಪ್ಪು ಹೆಚ್ಚೇನೂ ಮಾಡುವುದಿಲ್ಲ. ಹಿಮ ತಳ್ಳುವ ಗಾಡಿ ಮುಂದೆ ಸಿಕ್ಕರೆ ಅದನ್ನು ಹಿಂದೆ ಹಾಕುವ ಆತುರ ಬೇಡ. ಆ ದಿನ ಅದರ ಹಿಂದಿನ ರಸ್ತೆಗಿಂತ ಒಳ್ಳೆಯ ರಸ್ತೆ ನಿಮಗೆ ಸಿಗುವುದಿಲ್ಲ.

ಇಷ್ಟೆಲ್ಲ ಹೋಗುವಾಗಿನದು. ಹೋಗುವ ದಿನಕ್ಕೆ ಎಲ್ಲರೂ ತಯಾರಾಗಿರುತ್ತಾರೆ, ವಾಪಸ್ ಬರುವ ದಿನಕ್ಕೆ ಯಾರೂ ಅಲ್ಲ. ನಿದ್ದೆಗೆಟ್ಟಿರುತ್ತೀರಿ, ಮಾರನೇ ದಿನ ಶಾಲೆ, ಆಫೀಸು, ಸಂಜೆವರೆಗೂ ಮಾತು ಮುಗಿಯುವುದಿಲ್ಲ, ಕತ್ತಲಲ್ಲಿ ಹೊರಡುತ್ತೀರಿ. ಅದೇ ಸೇತುವೆ ಅಲ್ಲೇ ಇರುತ್ತದೆ. ರಜೆ ಮುಗಿದ ಮೇಲೆ ಇನ್ನೂ ಒಂದು ದಿನದ ರಜೆಯನ್ನು ನಿಮ್ಮ ಯಜಮಾನರು ಈಗಲೇ ಕೇಳಿಟ್ಟುಕೊಳ್ಳಲಿ, ನೀವೂ ಕೇಳಿ.